ವಾಷಿಂಗ್ ಮೆಷಿನ್ ನೀರು ಹೊರಗೆ ಬಿಡ್ತಿಲ್ಲ, ಸ್ಪಿನ್ ಆಗ್ತಿಲ್ಲ, ಮನೇಲಿ ನಾವೇ ಸರಿ ಮಾಡ್ಕೋಬಹುದಾ?

ಮಾಡ್ಕೋಬಹುದು. ನೀವು ಬರ್ದಿರೋದು ಏನಂದ್ರೆ ಫ್ರಂಟ್ ಲೋಡ್ ಮೆಷಿನ್ನು, ಒಗೆಯೋದೇನೋ ಚೆನ್ನಾಗೇ ಒಗೆಯುತ್ತೆ, ಕೊನೇಲಿ ನೀರು ಒಳಗೇ ನಿಂತ್ಕೊಳ್ಳುತ್ತೆ, ಸ್ಪಿನ್ ಆಗಲ್ಲ, ಜೊತೆಗೆ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಇಷ್ಟು ಓದಿದ್ರೆ ನಂಗೆ ಅನ್ಸೋದು ಮೋಟಾರೂ ಹೋಗಿಲ್ಲ ಬೋರ್ಡೂ ಹೋಗಿಲ್ಲ, ಎಲ್ಲೋ ನೀರಿನ ದಾರಿ ಕಟ್ಕೊಂಡಿದೆ. ಸ್ಪಿನ್ ಆಗ್ದೇ ಇರೋದು ಬೇರೆ ಕಾಯಿಲೆ ಏನಲ್ಲ, ಡ್ರಮ್ಮಲ್ಲಿ ಇನ್ನೂ ನೀರಿದೆ ಅಂತ ಅನ್ಸ್ತಿರೋವರೆಗೂ ಮೆಷಿನ್ ಬೇಕಂತಲೇ ಜೋರಾಗಿ ತಿರುಗಲ್ಲ. ಇದು ಗೊತ್ತಿಲ್ದೆ ಎಷ್ಟೋ ಜನ ಮೋಟಾರ್ ಸುಟ್ಟೋಯ್ತು ಅಂತ ಮೆಷಿನ್ನನ್ನೇ ಗುಜರಿಗೆ ಹಾಕಿಬಿಡ್ತಾರೆ.

ನಾನು ಮೆಕ್ಯಾನಿಕ್ ಅಲ್ಲ, ಮನೇಲಿರೋ ಒಂದೇ ಮೆಷಿನ್ನ ಹಲವು ಸಲ ಬಿಚ್ಚಿ ಜೋಡಿಸಿ ಕಲ್ತಿರೋದು ಅಷ್ಟೇ, ಅದ್ರಲ್ಲಿ ಒಂದು ಸಲ ಚೆನ್ನಾಗಿ ಪೆಟ್ಟೂ ತಿಂದಿದೀನಿ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಬಿಚ್ಚೋಕೆ ಹೋಗ್ಬೇಡಿ, ಕಿವಿ ಕೊಡಿ. ಡ್ರೈನ್ ಅಥವಾ ಸ್ಪಿನ್ ಮಾತ್ರ ಹಾಕಿ, ಮೆಷಿನ್ ಮುಂದೆ ಕೆಳಗಡೆ ಕೂತ್ಕೊಂಡು ಕೇಳಿಸ್ಕೊಳ್ಳಿ. ಗುಂಯ್ ಅಂತ ಸದ್ದು ಬರ್ತಾ ಇದೆ ನೀರು ಮಾತ್ರ ಹೋಗ್ತಿಲ್ಲ ಅಂದ್ರೆ ನೀರನ್ನ ಹೊರಗೆ ತಳ್ಳೋ ಪಂಪಿಗೆ ಕರೆಂಟ್ ಬರ್ತಿದೆ, ಏನೋ ಸಿಕ್ಕಾಕ್ಕೊಂಡಿದೆ. ಸದ್ದೇ ಇಲ್ಲ ಅಂದ್ರೆ ಪಂಪಿನ ಕಾಯಿಲ್ ಹೋಗಿರ್ಬಹುದು ಇಲ್ಲಾ ವೈರ್ ಸಡಿಲ ಆಗಿರ್ಬಹುದು. ನೀರು ಹೋಗುತ್ತೆ ಆದ್ರೆ ಪೈಪಿನ ತುದೀಲಿ ಸಣ್ಣಗೆ ಅಳ್ತಾ ಬರುತ್ತೆ ಅಂದ್ರೆ ದಾರಿ ಅರ್ಧ ಮುಚ್ಚಿದೆ. ಈ ಒಂದು ನಿಮಿಷದ ಕೆಲ್ಸದಲ್ಲೇ ಅರ್ಧ ಉತ್ತರ ಸಿಗುತ್ತೆ.

ಆಮೇಲೆ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕೀಳ್ಬೇಕು. ನಲ್ಲಿ ಬಂದ್ ಮಾಡಿ. ಬಿಸಿನೀರಲ್ಲಿ ಒಗೆದಿದ್ರೆ ಒಂದೆರಡು ಗಂಟೆ ಆರೋಕೆ ಬಿಡಿ.

ಮುಂದಿನ ಭಾಗದಲ್ಲಿ ಕೆಳಗೆ ಒಂದು ಸಣ್ಣ ಬಾಗಿಲು ಇರುತ್ತಲ್ಲ, ಅದರ ಹಿಂದೆ ದುಂಡಗಿನ ಮುಚ್ಚಳ, ಅದೇ ಫಿಲ್ಟರ್. ಪಕ್ಕದಲ್ಲೇ ಬೆರಳು ಗಾತ್ರದ ಪುಟ್ಟ ರಬ್ಬರ್ ಪೈಪ್ ಇದ್ರೆ ನಿಮ್ಮ ಅದೃಷ್ಟ, ಅದರ ಬಿರಡೆ ತೆಗೆದು ನೀರನ್ನ ಅಗಲದ ತಟ್ಟೆಗೆ ಬಿಟ್ಕೊಳ್ಳಿ, ತುಂಬಿದಾಗ ಬಿರಡೆ ಹಾಕಿ, ಚೆಲ್ಲಿ ಬನ್ನಿ, ಮತ್ತೆ ಬಿಡಿ. ಬೇಜಾರಾಗುತ್ತೆ ಆದ್ರೆ ಬಿಡ್ಬೇಡಿ, ಡ್ರಮ್ಮಲ್ಲಿ ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ನೀರಿರುತ್ತೆ. ನಾನು ಮೊದಲ ಸಲ ಆತುರಕ್ಕೆ ಬಿದ್ದು ಫಿಲ್ಟರ್ ಮುಚ್ಚಳ ಸೀದಾ ತಿರುಗಿಸಿಬಿಟ್ಟೆ, ನೀರಿನ ರಭಸಕ್ಕೆ ಮುಚ್ಚಳ ಕೈಯಿಂದ ಹಾರಿಹೋಯ್ತು, ಪಕ್ಕದ ರೂಮಿನ ತನಕ ನೀರು, ಮನೆಯವರ ಮುಖ ನೋಡೋ ಹಾಗಿರ್ಲಿಲ್ಲ.

ನೀರೆಲ್ಲ ಬಂದ್ಮೇಲೆ ಫಿಲ್ಟರನ್ನ ಎಡಕ್ಕೆ ತಿರುಗಿಸಿ ನಿಧಾನಕ್ಕೆ ಎಳೀರಿ. ನನ್ನದ್ರಲ್ಲಿ ಒಂದ್ಸಲ ಸಿಕ್ಕಿದ್ದು ಕಪ್ಪಾಗಿರೋ ಒಂದು ನಾಣ್ಯ, ಎರಡು ಹೇರ್‌ಪಿನ್, ಅಂಗಿ ಗುಂಡಿ, ಮತ್ತೆ ಜೇಬಲ್ಲಿ ಉಳಿದ ಯಾವುದೋ ಕಾಗದ ನೆಂದು ನೆಂದು ಹಿಟ್ಟಿನ ಮುದ್ದೆ ಥರ ಆಗಿರೋದು, ಇದೆಲ್ಲದರ ಮೇಲೂ ಬೂದು ಬಣ್ಣದ ಲೋಳೆ. ಫಿಲ್ಟರ್ ತೊಳೆದ್ರೆ ಕೆಲ್ಸ ಮುಗೀತು ಅಂತ ಬಹಳ ಜನ ಅಲ್ಲಿಗೇ ನಿಲ್ಲಿಸ್ತಾರೆ, ನಿಲ್ಲಿಸ್ಬೇಡಿ. ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಕೊನೇಲಿ ಪಂಪಿನ ಪುಟ್ಟ ಚಕ್ರ ಕಾಣುತ್ತೆ. ಮರದ ಕಡ್ಡೀಲಿ ಅದನ್ನ ತಿರುಗಿಸಿ ನೋಡಿ. ಅದು ಫ್ಯಾನ್ ಥರ ಸಲೀಸಾಗಿ ತಿರುಗಲ್ಲ, ಹಿಡಿದು ಹಿಡಿದು ಬಿಡುತ್ತೆ, ಟಕ್ ಟಕ್ ಅಂತ ಒಂದೊಂದು ಹೆಜ್ಜೆ ಇಟ್ಟ ಹಾಗೆ. ಕೆಟ್ಟೋಗಿದೆ ಅಂದ್ಕೋಬೇಡಿ, ಒಳಗೆ ಅಯಸ್ಕಾಂತ ಇರೋದ್ರಿಂದ ಅದು ಹಾಗೇ ಇರ್ಬೇಕು. ಆ ಎಳೆತನೇ ಇಲ್ದೆ ಸುಮ್ನೆ ಗರಗರ ತಿರುಗಿದ್ರೆ ಚಕ್ರ ತಾನು ಕೂತಿರೋ ಶಾಫ್ಟಿಂದ ಕಳಚಿದೆ ಅಂತ, ಒಂದಿಷ್ಟೂ ಅಲ್ಲಾಡಲ್ಲ ಅಂದ್ರೆ ಅದರ ಬುಡಕ್ಕೆ ಕೂದಲೋ ದಾರವೋ ಸುತ್ಕೊಂಡಿದೆ, ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಸುತ್ತುತ್ತಾ ಬಿಡಿಸಿ.

ಈಗ ನಾನು ಪೆಟ್ಟು ತಿಂದ ಕಥೆ. ಫಿಲ್ಟರ್ ಕ್ಲೀನ್, ಚಕ್ರ ತಿರುಗ್ತಿದೆ, ಆದ್ರೂ ನೀರು ಹೋಗ್ತಿಲ್ಲ. ಸರಿ ಪಂಪೇ ಬಲಹೀನ ಆಗಿದೆ ಅಂತ ತೀರ್ಮಾನ ಮಾಡಿ ಹೊಸ ಪಂಪ್ ತರಿಸಿ ಹಾಕ್ದೆ. ಹೊಸ ಪಂಪೂ ಅದೇ ಗುಂಯ್. ಆಮೇಲೆ ಬುದ್ಧಿ ಬಂತು. ಡ್ರಮ್ಮಿಂದ ಪಂಪಿಗೆ ಬರೋ ದಪ್ಪ ರಬ್ಬರ್ ಪೈಪ್ ಒಂದಿರುತ್ತೆ, ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆಯಾಗಿ, ಅದರ ಕ್ಲಿಪ್ ಬಿಚ್ಚಿ ಬೆರಳು ಹಾಕಿದ್ರೆ ಒಂದು ಮಗು ಕಾಲ್ಚೀಲ. ಪಂಪ್ ಎಳೆದಾಗ ಅದು ಬಂದು ಬಾಯಿಗೆ ಅಂಟ್ಕೊಳ್ತಿತ್ತು, ಪಂಪ್ ನಿಂತ ತಕ್ಷಣ ಸಡಿಲ ಆಗ್ತಿತ್ತು, ಅದಕ್ಕೇ ಫಿಲ್ಟರ್ ಬಿಚ್ಚಿದಾಗೆಲ್ಲ ನೀರು ಭರ್ಜರಿಯಾಗಿ ಬರೋದು, ಮೆಷಿನ್ ಆನ್ ಮಾಡಿದ್ರೆ ಮಾತ್ರ ಬರ್ತಿರ್ಲಿಲ್ಲ. ಸುಳಿವು ಕಣ್ಮುಂದೇನೇ ಇತ್ತು, ನಾನು ನೋಡ್ಲಿಲ್ಲ. ಹಳೇ ಪಂಪ್ ಇವತ್ತಿಗೂ ಡ್ರಾಯರಲ್ಲಿದೆ, ಅದರಲ್ಲಿ ಯಾವ ದೋಷನೂ ಇಲ್ಲ.

ಆ ಪೈಪಿಗೆ ಕೈ ಹಾಕ್ಬೇಕಂದ್ರೆ ಕೆಲವು ಮೆಷಿನ್ನಲ್ಲಿ ಮುಂದಿನ ತಗಡು ಬಿಚ್ಬೇಕು, ಕೆಲವದ್ರಲ್ಲಿ ಮೆಷಿನ್ನ ವಾಲಿಸಿ ಕೆಳಗಿಂದ ನೋಡ್ಬೇಕು. ವಾಲಿಸೋದಾದ್ರೆ ಇಬ್ಬರು ಬೇಕೇ ಬೇಕು, ಫ್ರಂಟ್ ಲೋಡ್ ಮೆಷಿನ್ನೊಳಗೆ ಅಲ್ಲಾಡದೇ ಇರ್ಲಿ ಅಂತ ಕಾಂಕ್ರೀಟ್ ದಿಮ್ಮಿನೇ ಕಟ್ಟಿರ್ತಾರೆ, ಒಟ್ಟು 60-70 ಕೆಜಿ ಬರುತ್ತೆ.

ಹಿಂದಿನ ಡ್ರೈನ್ ಪೈಪೂ ನೋಡಿ, ಗೋಡೆಗೆ ಒತ್ತಿ ಮಡಚಿಕೊಂಡಿದ್ರೆ ಅಷ್ಟೇ ಸಾಕು. ಅದರ ತುದಿ ಸಾಮಾನ್ಯವಾಗಿ ನೆಲದಿಂದ 60 ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರ್ಬೇಕು, ನಿಮ್ಮ ಮೆಷಿನ್ನಿನ ಮ್ಯಾನ್ಯುಯಲ್ಲಲ್ಲಿ ಸರಿಯಾದ ಅಳತೆ ಇರುತ್ತೆ. ಜಾಸ್ತಿ ಎತ್ತರ ಆದ್ರೆ ಪಂಪಿಗೆ ಎತ್ತೋಕಾಗಲ್ಲ, ನೆಲಕ್ಕೆ ಬಿಟ್ರೆ ತುಂಬಿದ ನೀರು ತುಂಬಿದ ಹಾಗೇ ತಾನಾಗೇ ಹರಿದು ಹೋಗ್ತಿರುತ್ತೆ, ಮೆಷಿನ್ ಪಾಪ ತುಂಬಿಸ್ತಾನೇ ಇರುತ್ತೆ.

ಇನ್ನೊಂದು ವಿಚಿತ್ರ ಕೇಸಿದೆ. ನೀರೆಲ್ಲ ಹೋಗಿದೆ, ಡ್ರಮ್ ಖಾಲಿ, ಆದ್ರೂ ಸ್ಪಿನ್ ಇಲ್ಲ, ಪಂಪ್ ಓಡ್ತಾನೇ ಇದೆ. ಡ್ರಮ್ಮಿನ ತಳದಿಂದ ಮೇಲಕ್ಕೆ ಒಂದು ಸಣ್ಣ ಟ್ಯೂಬ್ ಹೋಗಿರುತ್ತೆ, ನೀರು ಏರಿದಾಗ ಅದರೊಳಗಿನ ಗಾಳಿ ಒತ್ತಿ ಮೇಲಿರೋ ಪ್ರೆಷರ್ ಸ್ವಿಚ್ಚಿಗೆ ನೀರು ಇಷ್ಟಿದೆ ಅಂತ ಗೊತ್ತಾಗೋದು. ಟ್ಯೂಬಿನ ಬುಡದಲ್ಲಿ ಸೋಪಿನ ಗಷ್ಟು ಕಟ್ಕೊಂಡ್ರೆ ಗಾಳಿ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ, ಖಾಲಿ ಡ್ರಮ್ಮಲ್ಲೂ ನೀರಿದೆ ಅಂತ ಮೆಷಿನ್ ನಂಬ್ಕೊಂಡು ಕೂತಿರುತ್ತೆ. ಟ್ಯೂಬನ್ನ ಸ್ವಿಚ್ ಕಡೆಯಿಂದ ಬಿಚ್ಚಿ ಕೆಳಮುಖವಾಗಿ ಬಾಯಲ್ಲಿ ಊದಿದ್ರೆ ಬುಳಬುಳ ಅಂತ ದಾರಿ ಬಿಟ್ಕೊಳ್ಳುತ್ತೆ. ಸ್ವಿಚ್ ಒಳಕ್ಕೆ ಮಾತ್ರ ಜೋರಾಗಿ ಊದ್ಬೇಡಿ, ಒಳಗಿನ ಪೊರೆ ಹರಿದ್ರೆ ಹೊಸದೇ ತರ್ಬೇಕು.

ವಾಸನೆ ವಿಷಯಕ್ಕೆ ಬಂದ್ರೆ, ಕಾರಣ ಹೆಚ್ಚಾಗಿ ನಮ್ಮ ಕೈಯೇ. ಸೋಪು ಜಾಸ್ತಿ ಹಾಕಿದ್ರೆ ಬಟ್ಟೆ ಜಾಸ್ತಿ ಬೆಳ್ಳಗಾಗುತ್ತೆ ಅನ್ನೋದು ಸುಳ್ಳು. ನೊರೆ ಜಾಸ್ತಿಯಾದ್ರೆ ಪಂಪಿಗೂ ಕಷ್ಟ, ನೀರನ್ನ ತಳ್ಳಿದ ಹಾಗೆ ನೊರೆನ ತಳ್ಳೋಕಾಗಲ್ಲ ಅದಕ್ಕೆ. ಯಾವಾಗ್ಲೂ ತಣ್ಣೀರಲ್ಲೇ ಒಗೆದು ಜೊತೆಗೆ ಬಟ್ಟೆ ಮೃದು ಮಾಡೋ ಲಿಕ್ವಿಡ್ಡೂ ಹಾಕ್ತಿದ್ರೆ ಡ್ರಮ್ಮಿನ ಹೊರಗಡೆ, ಅಂದ್ರೆ ನಿಮಗೆ ಕಾಣದ ಕಡೆ, ಜಿಡ್ಡು ಪದರ ಪದರವಾಗಿ ಕೂರುತ್ತೆ, ಅದರ ಮೇಲೆ ಬೂಸ್ಟು ಬೆಳೆಯುತ್ತೆ. ತಿಂಗಳಿಗೊಂದ್ಸಲ ಬಟ್ಟೆ ಇಲ್ದೆ ಖಾಲಿ ಮೆಷಿನ್ನ 60 ಡಿಗ್ರಿ ಮೇಲೆ, 90 ಇದ್ರೆ 90ಕ್ಕೇ ಓಡಿಸಿ. ಬಾಗಿಲಿನ ರಬ್ಬರಿನ ಮಡಿಕೆಯೊಳಗೆ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ, ಕೆಳಗಿನ ಅರ್ಧದಲ್ಲೇ ಎಲ್ಲ ಕೊಳೆ ಇರೋದು. ಒಗೆದಾದ್ಮೇಲೆ ಬಾಗಿಲು ಸ್ವಲ್ಪ ತೆರೆದಿಡಿ, ಸೋಪಿನ ಡ್ರಾಯರೂ ಹಾಗೇ. ಗಡಸು ನೀರಾಗಿದ್ರೆ ಹೀಟರ್ ಮೇಲೆ ಬಿಳಿ ಪೊರೆ ಕಟ್ಟುತ್ತೆ, ಅದಕ್ಕೆ ಆಗಾಗ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಬಿಸಿನೀರಲ್ಲಿ ಖಾಲಿ ಓಡಿಸ್ಬಹುದು, ಆದ್ರೆ ಅದರ ಜೊತೆ ಬ್ಲೀಚ್ ಮಾತ್ರ ಯಾವ ಕಾರಣಕ್ಕೂ ಸೇರಿಸ್ಬೇಡಿ, ಕ್ಲೋರಿನ್ ಗಾಳಿ ಬರುತ್ತೆ, ಅದು ಶ್ವಾಸಕೋಶಕ್ಕೆ ವಿಷ.

ನಾನು ಕೈ ಹಾಕದೇ ಇರೋದು ಎರಡು ಮೂರು ಇದೆ. ಮೆಷಿನ್ ಮುಟ್ಟಿದ್ರೆ ಜುಮ್ ಅಂದ್ರೆ ಅಥವಾ ಹೀಟರ್ ಆನ್ ಆದಾಗ ಟ್ರಿಪ್ ಆದ್ರೆ ಅದು ಎಲೆಕ್ಟ್ರಿಷಿಯನ್ ಕೆಲ್ಸ. ಬೋರ್ಡ್ ರಿಪೇರಿ ನಂಗೆ ಬರಲ್ಲ. ಡ್ರಮ್ಮಿನ ಒಳಗಿನ ಅಂಚನ್ನ ಮೇಲೆ ಕೆಳಗೆ ಎತ್ತಿ ನೋಡಿದಾಗ ಲೊಟಲೊಟ ಅಂದು, ಸ್ಪಿನ್ನಲ್ಲಿ ವಿಮಾನ ಹಾರಿದ ಸದ್ದು ಬಂದ್ರೆ ಬೇರಿಂಗ್ ಹೋಗಿದೆ, ಈಗಿನ ಎಷ್ಟೋ ಮೆಷಿನ್ನಲ್ಲಿ ಹೊರಗಿನ ಟಬ್ ಅಂಟಿಸಿ ಮುಚ್ಚಿರ್ತಾರೆ, ಗರಗಸ ಹಾಕಿ ಕೊಯ್ದು ಬೇರಿಂಗ್ ಬದಲಾಯಿಸೋರೂ ಇದಾರೆ, ನಂಗೆ ಅಷ್ಟು ಧೈರ್ಯ ಇಲ್ಲ.

ಎಲ್ಲ ಜೋಡಿಸಿದ್ಮೇಲೆ ಬಟ್ಟೆ ಹಾಕೋಕೆ ಮುಂಚೆ ಖಾಲಿ ಮೆಷಿನ್ನಲ್ಲಿ ರಿನ್ಸ್ ಮತ್ತೆ ಸ್ಪಿನ್ ಒಂದ್ಸಲ ಓಡಿಸಿ, ಫಿಲ್ಟರ್ ಕೆಳಗೆ ಹಳೇ ನ್ಯೂಸ್ ಪೇಪರ್ ಹಾಸಿಡಿ, ಒಂದು ಹನಿ ಬಿದ್ರೂ ಕಲೆ ಕಾಣುತ್ತೆ. ಹನಿ ಬಿದ್ರೆ ಮುಚ್ಚಳನ ಇನ್ನೂ ಬಿಗಿ ಮಾಡೋಕೆ ಹೋಗ್ಬೇಡಿ, ಬಿಚ್ಚಿ ಅದರ ರಬ್ಬರ್ ರಿಂಗ್ ಮೇಲೆ ಕೂದಲೋ ಮರಳೋ ಕೂತಿದೆಯಾ ನೋಡಿ, ನನ್ನದ್ರಲ್ಲಿ ಪ್ರತಿ ಸಲ ಅದೇ. ಇಷ್ಟಾದ್ರೂ ನೀರು ನಿಂತ್ರೆ ಪಂಪ್ ಸದ್ದು ಹೇಗಿತ್ತು, ಫಿಲ್ಟರ್ ಬಿಚ್ಚಿದಾಗ ನೀರು ರಭಸವಾಗಿ ಬಂತಾ ಇಲ್ಲಾ ತೊಟ್ಟಿಕ್ಕಿತಾ, ಇವೆರಡನ್ನ ಬರೀರಿ, ಮುಂದೆ ಎಲ್ಲಿ ನೋಡ್ಬೇಕು ಅಂತ ಹೇಳ್ತೀನಿ.