ಹಳಿ ಬಿಟ್ಟು ತೇಲುವ ಮ್ಯಾಗ್ಲೆವ್ ರೈಲಿಗೆ ಚಕ್ರಗಳೇಕೆ?

ಜಪಾನಿನ ಅತಿವೇಗದ ಮ್ಯಾಗ್ಲೆವ್ (ಅಯಸ್ಕಾಂತ ಬಲದಿಂದ ತೇಲುವ) ರೈಲು ನಿಂತಲ್ಲೇ ತೇಲಲಾರದು. ಆದ್ದರಿಂದ ಅದಕ್ಕೆ ರಬ್ಬರ್ ಚಕ್ರಗಳು ಬೇಕು. ಅದರ ನಯೋಬಿಯಂ-ಟೈಟಾನಿಯಂ ಸುರುಳಿಗಳನ್ನು ದ್ರವ ಹೀಲಿಯಂ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿದಾಗ ಅವು ಅತಿವಾಹಕಗಳಾಗಿ (ವಿದ್ಯುತ್ತಿಗೆ ತಡೆಯೇ ಒಡ್ಡದ ವಾಹಕಗಳಾಗಿ) ಪ್ರಬಲ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಇವು ವೇಗವಾಗಿ ಹಾದುಹೋಗುವಾಗ ಇಕ್ಕೆಲದ ಗೋಡೆಗಳಲ್ಲಿ ಅಳವಡಿಸಿದ 8ರ ಆಕಾರದ (ಕನ್ನಡದ ೮ ಅಲ್ಲ!) ತಂತಿಸುರುಳಿಗಳಲ್ಲಿ ವಿದ್ಯುತ್ ಪ್ರೇರಿತವಾಗಿ, ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿ ರೈಲನ್ನು ಮೇಲೆತ್ತುವಷ್ಟು ಬಲ ಹುಟ್ಟುತ್ತದೆ. ಆಗ ಚಕ್ರಗಳು ಒಳಗೆ ಮಡಚಿಕೊಳ್ಳುತ್ತವೆ. ಯಮನಾಶಿಯ ಪರೀಕ್ಷಾ ಮಾರ್ಗದಲ್ಲಿ 2015ರ ಏಪ್ರಿಲ್ 21ರಂದು ಇದು ಗಂಟೆಗೆ 603 ಕಿ.ಮೀ. ಮುಟ್ಟಿತು.

ಜರ್ಮನ್ ತಂತ್ರಜ್ಞಾನದ ಶಾಂಘೈ ರೈಲು ಆಕರ್ಷಣ ಬಲದಿಂದ ನಿಂತಾಗಲೂ ತೇಲುತ್ತದೆ, ಆದರೆ ಹಳಿಯಿಂದ ಅದರ ಅಂತರ ಸುಮಾರು ಒಂದೇ ಸೆಂ.ಮೀ. ಭೂಕಂಪಗಳ ನಾಡಾದ ಜಪಾನ್, ನೆಲ ನಡುಗಿದರೂ ರೈಲು ಮಾರ್ಗಕ್ಕೆ ತಾಗದಂತೆ 10 ಸೆಂ.ಮೀ. ಅಂತರವನ್ನು ಆರಿಸಿಕೊಂಡದ್ದು ಸಹಜವೇ.