ಊರು ಯಾವುದಾದರೂ ಆಗಲಿ, ಗ್ರೂಪ್ ಟೂರ್ ಮಾತ್ರ ಬೇಡ

ನೀವು ಮತ್ತು ನಿಮ್ಮ ಗೆಳತಿ ಮೈಸೂರಿನವರು. ಮೊದಲ ಸಲ ಹೊರದೇಶಕ್ಕೆ ಹೊರಟಿದ್ದೀರಿ. ಬ್ಯಾಂಕಾಕ್ ಪ್ರೈಡ್ (ಸಲಿಂಗಿಗಳ ಹಬ್ಬದ ಮೆರವಣಿಗೆ), ಶ್ರೀಲಂಕಾ, ಮಾಲ್ಡೀವ್ಸ್, ಇವುಗಳಲ್ಲಿ ಲೆಸ್ಬಿಯನ್ ಜೋಡಿಗೆ ಯಾವುದು ಸೇಫ್ ಎಂದು ಕೇಳಿದ್ದೀರಿ. ಕೊನೆಗೆ ಒಂದು ಸಾಲು: 'ಮನೆಯಲ್ಲಿ ಗ್ರೂಪ್ ಟೂರ್ ಆದರೆ ಮಾತ್ರ ಕಳಿಸುತ್ತಾರೆ.' ಆ ಸಾಲು ಓದಿ ನನಗೆ ಹೊಟ್ಟೆ ತೊಳಸಿದ ಹಾಗಾಯಿತು.

ನಾನು ಮಂಡ್ಯದವಳು. ನನ್ನ ಗೆಳತಿ ಮೈಸೂರು, ಕುವೆಂಪುನಗರ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಷಯದಲ್ಲಿ ತೀರ್ಪು ಕೊಟ್ಟಿತಲ್ಲ, ನಮ್ಮಂಥವರು ಅಪರಾಧಿಗಳಲ್ಲ ಎಂದು. ಆ ಹುಮ್ಮಸ್ಸಿನಲ್ಲಿ ಮರುವರ್ಷ ನಾವು ಥಾಯ್ಲೆಂಡ್‌ಗೆ ಹೊರಟೆವು. ಅಲ್ಲಿ ಯಾರೂ ನಮ್ಮನ್ನು ನೋಡುವುದಿಲ್ಲ, ಬೀದಿಯಲ್ಲಿ ಕೈ ಹಿಡಿದು ನಡೆಯಬಹುದು ಎಂದಿಷ್ಟೇ ಆಸೆ. ಇಂಟರ್ನೆಟ್‌ನಲ್ಲಿ ಸಿಕ್ಕ ಪಟ್ಟಿಗಳಲ್ಲೆಲ್ಲ ಬ್ಯಾಂಕಾಕ್ ಮೇಲೇ ಇತ್ತು.

ಅಮ್ಮ ಒಂದೇ ಮಾತು ಹೇಳಿದರು: 'ಇಬ್ರೇ ಹೆಣ್ಮಕ್ಕಳು ಪರದೇಶಕ್ಕಾ? ಯಾವುದಾದ್ರೂ ಗುಂಪಿನ ಜೊತೆ ಹೋಗಿ.' ಅಪ್ಪನ ಸ್ನೇಹಿತರೊಬ್ಬರಿಗೆ ಗೊತ್ತಿದ್ದ ಮೈಸೂರಿನ ಒಂದು ಟ್ರಾವೆಲ್ಸ್‌ನಲ್ಲಿ ದುಡ್ಡು ಕಟ್ಟಿದೆವು. ಪಟ್ಟಾಯ, ಬ್ಯಾಂಕಾಕ್, ಕನ್ನಡ ಮಾತಾಡುವ ಟೂರ್ ಮ್ಯಾನೇಜರ್, ಮೂರು ಹೊತ್ತೂ ನಮ್ಮ ಕಡೆ ಊಟ. ಗುಂಪಿನಲ್ಲಿ ಯಾರಿರುತ್ತಾರೆ ಎಂದು ನಾನು ಕೇಳಲೇ ಇಲ್ಲ. ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ನೋಡಿದರೆ ಅರ್ಧ ಮಂಡ್ಯ ಅಲ್ಲೇ ನಿಂತಿತ್ತು.

ಆದರೆ ನಿಜವಾದ ಎಡವಟ್ಟು ಅದಕ್ಕೂ ಮುಂಚೆ, ಒಂದು ಫೋನಿನಲ್ಲಿ ಆಗಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ.

ಪ್ಯಾಕೇಜ್‌ನಲ್ಲಿ ರೇಟು ತಲೆಗೆ ಇಷ್ಟು ಎಂದು ಇರುತ್ತದೆ. ಒಂದು ರೂಮಿಗೆ ಇಬ್ಬರಾದರೆ ಟ್ವಿನ್ ಶೇರಿಂಗ್. ಮೂವರಾದರೆ ತ್ರಿಬಲ್ ಶೇರಿಂಗ್, ಸ್ವಲ್ಪ ಕಡಿಮೆ. ಮೂರನೆಯವರಿಗೆ ಸಾಮಾನ್ಯವಾಗಿ ಒಂದು ಎಕ್ಸ್‌ಟ್ರಾ ಬೆಡ್ ತಂದು ಹಾಕುತ್ತಾರೆ. ಒಬ್ಬರೇ ಹೋಗುವವರು ಇಡೀ ರೂಮಿನ ದುಡ್ಡು ತಾವೇ ತುಂಬಬೇಕು, ಅದಕ್ಕೆ ಅವರು ಜೊತೆ ಹುಡುಕುತ್ತಿರುತ್ತಾರೆ. ಹೊರಡುವ ಮುಂಚೆ ಟ್ರಾವೆಲ್ಸ್‌ನವರು ಫೋನ್ ಮಾಡಿದರು. 'ಮೇಡಂ, ನೀವಿಬ್ರೂ ಲೇಡೀಸ್. ನಮ್ಮಲ್ಲಿ ಇನ್ನೊಬ್ರು ಸಿಂಗಲ್ ಲೇಡಿ ಇದಾರೆ, ವಯಸ್ಸಾದವರು. ತ್ರಿಬಲ್ ಶೇರಿಂಗ್ ಮಾಡಿದ್ರೆ ನಿಮಗೂ ಉಳಿಯುತ್ತೆ, ಅವರಿಗೂ ಅನುಕೂಲ.'

ನಾನು ಹೂಂ ಅಂದೆ.

ದುಡ್ಡಿನಾಸೆಗೆ ಅಲ್ಲ. ಬೇಡ ಅಂದರೆ ಯಾಕೆ ಬೇಡ ಎಂದು ಅವರಿಗೆ ಅನುಮಾನ ಬಂದುಬಿಟ್ಟರೆ ಎಂಬ ಹೆದರಿಕೆಗೆ. ಈಗ ಯೋಚಿಸಿದರೆ ಎಂಥಾ ಪೆದ್ದು ಹೆದರಿಕೆ ಅನ್ನಿಸುತ್ತದೆ. ಆಫೀಸಿನ ಇಬ್ಬರು ಸಹೋದ್ಯೋಗಿಗಳಾಗಿದ್ದರೆ 'ಬೇಡ ಸರ್, ನಮಗೆ ಟ್ವಿನ್ನೇ ಇರಲಿ' ಎಂದು ಹೇಳಿ ಫೋನ್ ಇಡುತ್ತಿದ್ದರು. ಅಕ್ಕತಂಗಿಯರೂ ಹಾಗೇ ಹೇಳುತ್ತಿದ್ದರು. ಅವರು ಕೇಳಿದ್ದು ಬರೀ ವ್ಯಾಪಾರದ ಪ್ರಶ್ನೆ. ಅದನ್ನು ನಾನು ಪೊಲೀಸ್ ವಿಚಾರಣೆಯ ಥರ ತೆಗೆದುಕೊಂಡೆ. ನಮ್ಮ ಕಡೆ ಇಬ್ಬರು ಹೆಂಗಸರು ಒಂದೇ ರೂಮಿನಲ್ಲಿ ಮಲಗಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಗಂಡು ಹೆಣ್ಣಾದರೆ ಲಾಡ್ಜ್‌ನವನು ಮದುವೆ ಆಗಿದೆಯಾ ಎನ್ನುತ್ತಾನೆ. ನಮ್ಮನ್ನು ಕೇಳುವುದು ಆಧಾರ್ ಕಾರ್ಡ್ ಮಾತ್ರ. ಸಮಾಜ ನಮಗೆ ಕೊಟ್ಟಿರುವ ಸವಲತ್ತು ಇದೊಂದೇ. ಅದನ್ನೂ ನಾನು ಆ ಫೋನಿನಲ್ಲಿ ಕಳೆದುಕೊಂಡೆ.

ಮೂರನೆಯವರು ರಿಟೈರ್ಡ್ ಪ್ರೈಮರಿ ಸ್ಕೂಲ್ ಮಿಸ್ಸು. ತುಂಬಾ ಒಳ್ಳೆಯವರು, ಅದೇ ತೊಂದರೆ. ಬ್ಯಾಗ್ ತುಂಬ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನಿಪ್ಪಟ್ಟು. ಬೆಳಗ್ಗೆ ಎದ್ದು ವಿಷ್ಣು ಸಹಸ್ರನಾಮ. ನಾವು ಚಪ್ಪಲಿ ಹಾಕಿಕೊಂಡರೆ ಸಾಕು, 'ಎಲ್ಲಿಗ್ರವ್ವ ಇಬ್ರೂ? ತಡೀರಿ, ನಾನೂ ಬತ್ತೀನಿ.' ಬೀಚಿಗೆ ಅವರು, ಮಾರ್ಕೆಟ್ಟಿಗೆ ಅವರು. ಹೆಣ್ಣುಮಕ್ಕಳನ್ನು ಕಾಯುವ ಜವಾಬ್ದಾರಿ ತಮ್ಮದು ಎಂದು ತಾವೇ ತೀರ್ಮಾನಿಸಿಬಿಟ್ಟಿದ್ದರು. ಮಂಡ್ಯದ ಮನೆಯಲ್ಲಾದರೂ ಅಮ್ಮ ಮಧ್ಯಾಹ್ನ ಮಲಗುತ್ತಾರೆ, ಅವಳು ಬಂದರೆ ಒಂದು ಗಂಟೆ ಮಾತಾಡಿಕೊಂಡು ಕೂರುತ್ತೇವೆ. ಜಗತ್ತಿನಲ್ಲೇ ಗೇ ಪ್ರವಾಸಿಗರಿಗೆ ಹೆಸರಾದ ಊರಿನಲ್ಲಿ ನಮಗೆ ಆ ಒಂದು ಗಂಟೆಯೂ ಸಿಗಲಿಲ್ಲ.

ಪಟ್ಟಾಯದಲ್ಲಿ ಗುಂಪನ್ನು ಅಲ್ಕಜಾರ್ ಶೋಗೆ ಕರೆದುಕೊಂಡು ಹೋದರು. ಟ್ರಾನ್ಸ್ ಹೆಂಗಸರು ಹಾಡಿ ಕುಣಿಯುವ ದೊಡ್ಡ ರಂಗದ ಶೋ, ಇಂಡಿಯಾದ ಪ್ಯಾಕೇಜ್‌ಗಳಲ್ಲಿ ಇದು ಮಾಮೂಲು. ನಮ್ಮ ಗುಂಪಿನ ಗಂಡಸರು ವಾಪಸ್ ಬಸ್ಸಿನಲ್ಲಿ ಹೋಟೆಲ್ ಬರುವ ತನಕ ಆ ಕಲಾವಿದೆಯರ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರು ಹಿಂದಿನ ಸೀಟಿಗೆ ತಿರುಗಿ ನಮ್ಮನ್ನೇ ಕೇಳಿದರು, 'ಅಲ್ವಾ ಮೇಡಂ?' ನಾನು ನಕ್ಕೆ. ಸುಮ್ನೆ, ಅಭ್ಯಾಸ ಬಲ. ಅವಳು ಕಿಟಕಿ ಕಡೆ ಮುಖ ತಿರುಗಿಸಿದಳು. ಆ ರಾತ್ರಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಪಿಸುಮಾತಿನಲ್ಲಿ ಜಗಳ ಆಡಿದೆವು. ಹೊರಗೆ ಮಿಸ್ಸು, 'ಹುಷಾರಿಲ್ವಾ? ಓಮಿನ ಕಾಳು ಕೊಡ್ಲಾ?' ಎಂದು ಬಾಗಿಲು ಬಡಿದರು.

ಅಲ್ಲಿಗೇ ಮುಗಿಯಲಿಲ್ಲ. ಮಿಸ್ಸು ನನ್ನ ಅಮ್ಮನ ನಂಬರ್ ತೆಗೆದುಕೊಂಡರು, ಫೋಟೋ ಕಳಿಸುವುದಕ್ಕೆ. ಫೋಟೋಗಳ ಹಿಂದೆಯೇ ಒಂದು ಜಾತಕ ಬಂತು. ಪಾಂಡವಪುರದ ಹುಡುಗ, ಬೆಂಗಳೂರಲ್ಲಿ ಇಂಜಿನಿಯರ್. 'ಟೂರ್‌ನಲ್ಲಿ ಕಣ್ಣಾರೆ ನೋಡಿದೀನಿ, ಅಪ್ಪಟ ಚಿನ್ನದಂಥ ಹುಡುಗಿ' ಎಂದು ಸರ್ಟಿಫಿಕೇಟ್ ಬೇರೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಮದುವೆ ಮಾತು ನಿಧಾನಕ್ಕೆ ನಡೆಯುತ್ತಿತ್ತು. ಆಮೇಲೆ ಭಾನುವಾರ ಬಂತೆಂದರೆ ಕೇಸರಿಬಾತ್ ಮಾಡಿಟ್ಟು ಯಾರನ್ನೋ ಕಾಯುವುದೇ ಆಯಿತು. ಅವಳು ತುಂಬಾ ಕಾಲ ನನ್ನ ಜೊತೆ ಶ್ರೀರಂಗಪಟ್ಟಣದ ಸಂಗಮಕ್ಕೂ ಬರಲು ಒಪ್ಪಲಿಲ್ಲ. 'ನಿನ್ನ ಜೊತೆ ಹೋದ್ರೆ ನಾನು ಕಸಿನ್ ಆಗಿಬಿಡ್ತೀನಿ' ಎಂದಳು. ಗುಂಪಿಗೆ ನಾನು ಅವಳನ್ನು ಹಾಗೇ ಪರಿಚಯ ಮಾಡಿಸಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರು ಮಾಡಿಕೊಳ್ಳಬೇಡಿ. ಯಾವ ದೇಶ ಸೇಫ್ ಎನ್ನುವುದು ಎರಡನೆಯ ಮಾತು. ನಮ್ಮಂಥ ಊರಿನವರಿಗೆ ಅಪಾಯ ಬ್ಯಾಂಕಾಕಿನ ಬೀದಿಯಲ್ಲಿ ಕಾದು ಕೂತಿರುವುದಿಲ್ಲ, ನಮ್ಮ ಬಸ್ಸಿನ ಪಕ್ಕದ ಸೀಟಿನಲ್ಲಿ ಕೂತು ಬರುತ್ತದೆ.

ದೇಶದ ಕಾನೂನನ್ನು ನೋಡಲೇಬೇಕು, ಅದೂ ನಿಜ. ಮಾಲ್ಡೀವ್ಸ್ ಬಿಟ್ಟುಬಿಡಿ. ರೆಸಾರ್ಟ್ ಫೋಟೋ ಎಷ್ಟೇ ಚೆನ್ನಾಗಿರಲಿ, ಸಲಿಂಗ ಸಂಬಂಧ ಅಲ್ಲಿ ಈಗಲೂ ಅಪರಾಧ. ಶ್ರೀಲಂಕಾದಲ್ಲಿ ಬ್ರಿಟಿಷರ ಕಾಲದ ಸೆಕ್ಷನ್ ಇನ್ನೂ ಪುಸ್ತಕದಲ್ಲಿದೆ. 1995ರಲ್ಲಿ ಅದನ್ನು ತಿದ್ದಿದಾಗ ತೆಗೆದುಹಾಕುವ ಬದಲು ಹೆಂಗಸರಿಗೂ ಅನ್ವಯಿಸುವ ಹಾಗೆ ಮಾಡಿದರು. ಸಿಂಗಾಪುರದವರು ಇಂಥದ್ದೇ ಸೆಕ್ಷನ್ 377ಎ ತೆಗೆದರು, ಸಂತೋಷ. ಆದರೆ ಅಲ್ಲಿ ನಡೆಯುವ ನಮ್ಮಂಥವರ ಸಮಾವೇಶ ಪಿಂಕ್ ಡಾಟ್‌ಗೆ ಹೋಗೋಣ ಎಂದುಕೊಳ್ಳಬೇಡಿ, 2017ರಿಂದ ಅದಕ್ಕೆ ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಪ್ರವೇಶ. ತೈವಾನ್ 2019ರ ಮೇ ತಿಂಗಳಲ್ಲೇ ಮದುವೆಗೆ ಕಾನೂನು ತಂದಿತು, ಏಷ್ಯಾದಲ್ಲಿ ಅದೇ ಮೊದಲು. ತೈಪೆ ಪ್ರೈಡ್ ಅಕ್ಟೋಬರ್ ಕೊನೆಗೆ, ನಮ್ಮ ದಸರಾ ಗಲಾಟೆ ಮುಗಿದ ಮೇಲೆ. ಖರ್ಚು ಜಾಸ್ತಿ, ಮೊದಲ ಸಲಕ್ಕೆ ಬೇಡ.

ಥಾಯ್ಲೆಂಡ್ ಮೇಲೆ ನನಗೆ ಸಿಟ್ಟಿಲ್ಲ. 2025ರ ಜನವರಿ 23ರಿಂದ ಅಲ್ಲಿ ಗಂಡು ಗಂಡು, ಹೆಣ್ಣು ಹೆಣ್ಣು ಮದುವೆಯಾಗಿ ರಿಜಿಸ್ಟರ್ ಮಾಡಿಸಬಹುದು. ಇಲ್ಲಿ ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಅದು ಸಂಸತ್ತಿನ ಕೆಲಸ ಎಂದು ಕೈ ಚೆಲ್ಲಿತು. ಆದರೆ 'ಗೇ ಟ್ರಾವೆಲ್' ಪಟ್ಟಿಗಳು ಹೊಗಳುವ ಬ್ಯಾಂಕಾಕಿನ ಸಿಲೋಮ್‌ನ ಓಣಿಗಳು ಹೆಚ್ಚಾಗಿ ಗಂಡಸರ ಬಾರ್‌ಗಳು. ಆ ಪಟ್ಟಿಗಳನ್ನು ಬರೆಯುವುದೇ ಕೈತುಂಬ ಸಂಬಳದ ಗಂಡಸರಿಗಾಗಿ ಅನ್ನಿಸುತ್ತದೆ. ನಿಮಗೆ ಬಾರ್ ಬೇಡ ಅಲ್ವಾ? ಬಾಗಿಲು ಹಾಕಿಕೊಳ್ಳಬಹುದಾದ ಒಂದು ರೂಮು ಬೇಕು, ಸಂಜೆ ನಡೆಯುವುದಕ್ಕೆ ಒಂದು ದಾರಿ ಬೇಕು.

ನಮಗೆ ಅದು ಸಿಕ್ಕಿದ್ದು ನೇಪಾಳದಲ್ಲಿ, ಕೊರೋನಾ ಎಲ್ಲಾ ಮುಗಿದ ಮೇಲೆ. ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು. ಮನೆಯಲ್ಲಿ ಪಶುಪತಿನಾಥನ ದರ್ಶನ ಎಂದೆವು. ಅಲ್ಲಿ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಎಂದು ಗೊತ್ತಾದ ಮೇಲೆ ಅಮ್ಮ ಗುಂಪಿನ ಮಾತೇ ಎತ್ತಲಿಲ್ಲ. ಹುಂಡಿಗೆ ಹಾಕಲು ದುಡ್ಡು ಕೊಟ್ಟು ಕಳಿಸಿದರು. ಸುಳ್ಳೂ ಅಲ್ಲ, ಮೊದಲ ದಿನವೇ ಹೋಗಿ ಕೈಮುಗಿದು ದುಡ್ಡು ಹಾಕಿದೆವು. ಆಮೇಲೆ ಪೋಖರಾ. ಫೇವಾ ಕೆರೆಯ ದಂಡೆಯಲ್ಲಿ ಅವಳು ನನ್ನ ಕೈ ಹಿಡಿದಳು. ಅಲ್ಲೂ ಹೆಂಗಸರು ಹೆಂಗಸರು ಕೈ ಹಿಡಿದು ಓಡಾಡುತ್ತಾರೆ, ಯಾರೂ ತಿರುಗಿ ನೋಡಲಿಲ್ಲ. ಎಷ್ಟು ಸಾಧಾರಣವಾಗಿತ್ತೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಹಬ್ಬ ಬೇಕೇ ಬೇಕು ಎಂದರೆ ನೇಪಾಳದಲ್ಲಿ ಗಾಯಿ ಜಾತ್ರೆ ಇದೆ, ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಆ ವರ್ಷ ತೀರಿಕೊಂಡವರ ಹೆಸರಿನಲ್ಲಿ ಹಸುವನ್ನೋ, ಹಸುವಿನ ವೇಷ ಹಾಕಿದ ಮಕ್ಕಳನ್ನೋ ಮೆರವಣಿಗೆ ಮಾಡುತ್ತಾರೆ. ವೇಷ, ತಮಾಷೆ, ದೊಡ್ಡವರನ್ನು ಗೇಲಿ ಮಾಡುವುದು ಎಲ್ಲಾ ನಡೆಯುತ್ತದೆ. ಅದೇ ದಿನ ಕಠ್ಮಂಡುವಿನಲ್ಲಿ ನಮ್ಮಂಥ ಕ್ವಿಯರ್ ಜನರ ಮೆರವಣಿಗೆಯೂ ನಡೆದುಕೊಂಡು ಬಂದಿದೆ. ವೇಷದವರ ನಡುವೆ ನಿಮ್ಮನ್ನು ಯಾರು ಗುರುತು ಹಿಡಿಯುತ್ತಾರೆ? ಆ ದೇಶದ ಸುಪ್ರೀಂ ಕೋರ್ಟ್ 2007ರಲ್ಲೇ ನಮ್ಮಂಥವರ ಪರ ತೀರ್ಪು ಕೊಟ್ಟಿತ್ತು. 2023ರ ನವೆಂಬರ್‌ನಲ್ಲಿ ಮೊದಲ ಮದುವೆಯ ನೋಂದಣಿಯೂ ಆಯಿತು.

ಬ್ಯಾಂಕಾಕ್ ಪ್ರೈಡ್‌ಗೆ ಮೊದಲ ಸಲವೇ ಹೋಗಬೇಡಿ ಎನ್ನುವುದು ನನ್ನ ಹಟ. ಜೂನ್ ತಿಂಗಳ ಶುರುವಿನಲ್ಲಿ ಸೆಕೆ, ಮಳೆ, ನೂಕುನುಗ್ಗಲು, ಎಲ್ಲೆಲ್ಲೂ ಕ್ಯಾಮೆರಾ. ಮೆರವಣಿಗೆ ಹೇಗಿರುತ್ತದೆ ಎಂದು ನೋಡಬೇಕಾದರೆ ಬೆಂಗಳೂರಿನದಕ್ಕೆ ಹೋಗಿ. 2008ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ನವೆಂಬರ್ ಕೊನೆಗೆ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದರೆ ಸರಿ. ಮುಖ ಕಾಣಬಾರದು ಎಂದಿದ್ದರೆ ಮಾಸ್ಕ್ ಹಾಕಿಕೊಳ್ಳಿ, ಹಾಗೆ ನಡೆಯುವವರು ಮೊದಲಿನಿಂದಲೂ ಇದ್ದಾರೆ, ಯಾರೂ ಏನೂ ಅನ್ನುವುದಿಲ್ಲ. ಡೋಲಿನ ಸದ್ದಿಗೆ ನಿಮಗೆ ಕುಣಿಯಬೇಕು ಅನ್ನಿಸುತ್ತದೋ, ಬಚ್ಚಿಟ್ಟುಕೊಳ್ಳಬೇಕು ಅನ್ನಿಸುತ್ತದೋ ಅಲ್ಲೇ ಗೊತ್ತಾಗುತ್ತದೆ. ಬಚ್ಚಿಟ್ಟುಕೊಳ್ಳಬೇಕು ಅನ್ನಿಸಿದರೆ ಬ್ಯಾಂಕಾಕ್ ಟಿಕೆಟ್ ದುಡ್ಡು ಉಳಿಯಿತು.

ಮನೆಯವರು ಎಷ್ಟು ಹೇಳಿದರೂ ಗುಂಪೇ ಆಗಬೇಕು ಎಂದು ಹಟ ಹಿಡಿದರೆ, ಮೈಸೂರಿನ ಟ್ರಾವೆಲ್ಸ್ ಹತ್ತಿರ ಸುಳಿಯಬೇಡಿ. ಚೆನ್ನೈನಿಂದಲೋ ಪುಣೆಯಿಂದಲೋ ಹೊರಡುವ ಗುಂಪಿಗೆ ಸೇರಿಕೊಳ್ಳಿ. ಟ್ವಿನ್ ಶೇರಿಂಗ್ ಎಂದು ಬರೆಸಿ ರಸೀದಿ ಇಸಿದುಕೊಳ್ಳಿ. ತಮಿಳು, ಮರಾಠಿ ಎರಡೂ ಬರದಿದ್ದರೆ ಇನ್ನೂ ಒಳ್ಳೆಯದು, ಜಾತಕ ಕೇಳುವಷ್ಟು ಮಾತು ಬೆಳೆಯುವುದಿಲ್ಲ.