230 ಮಿಮೀ ಮಳೆಗೂ ಬರೀ ‘ಭಾರಿ’ ಅಂತಲೇ ಬರುತ್ತಿದೆ, ನನ್ನ ಇಫ್-ಎಲ್ಸ್‌ನಲ್ಲಿ ತಪ್ಪೆಲ್ಲಿ?

ನೀವು ಕೇಳಿದ್ದು ಎರಡು. ತೀರ್ಥಹಳ್ಳಿ, ಆಗುಂಬೆ ಕಡೆಯ 24 ಗಂಟೆಯ ಮಳೆ ಕೊಟ್ಟರೆ ‘ಭಾರಿ’, ‘ಅತಿ ಭಾರಿ’, ‘ಅತ್ಯಂತ ಭಾರಿ’ ಎಂದು ವಿಂಗಡಿಸಬೇಕಾದ ನಿಮ್ಮ ಪೈಥಾನ್ ಪ್ರೋಗ್ರಾಂ 230 ಕೊಟ್ಟರೂ ‘ಭಾರಿ’ ಅನ್ನುವುದೇಕೆ ಎಂಬುದು ಒಂದು. ಇಫ್-ಎಲ್ಸ್‌ನಲ್ಲಿ ಹೊಸಬರು ಇನ್ನೆಲ್ಲೆಲ್ಲಿ ಎಡವುತ್ತಾರೆ ಎಂಬುದು ಇನ್ನೊಂದು. ಓದಲು ಸಲೀಸಾಗಲಿ ಎಂದು ಕೀವರ್ಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಇಫ್ (if, ‘ಆಗಿದ್ದರೆ’), ಎಲಿಫ್ (elif, ‘ಅದಲ್ಲದೆ ಇದಾಗಿದ್ದರೆ’), ಎಲ್ಸ್ (else, ‘ಯಾವುದೂ ಅಲ್ಲದಿದ್ದರೆ’), ಆಂಡ್ (and, ‘ಎರಡೂ’), ಆರ್ (or, ‘ಒಂದಾದರೂ’) ಇವನ್ನೆಲ್ಲ ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹಾಕಬೇಕು. ‘ಮಳೆ’, ‘ವರ್ಗ’ದಂಥ ವೇರಿಯಬಲ್ ಹೆಸರು ಮಾತ್ರ ಕನ್ನಡದಲ್ಲೇ ಇಟ್ಟರೂ ಪೈಥಾನ್ 3ಕ್ಕೆ ತಕರಾರಿಲ್ಲ.

ನಿಮ್ಮ ಕೋಡ್ ಹೀಗಿದೆ:

ಇಫ್ ಮಳೆ >= 64.5:
    ವರ್ಗ = "ಭಾರಿ"
ಎಲಿಫ್ ಮಳೆ >= 115.6:
    ವರ್ಗ = "ಅತಿ ಭಾರಿ"
ಎಲಿಫ್ ಮಳೆ > 204.4:
    ವರ್ಗ = "ಅತ್ಯಂತ ಭಾರಿ"
ಎಲ್ಸ್:
    ವರ್ಗ = "ಭಾರಿ ಅಲ್ಲ"

ಅಂಕಿಗಳು ಸರಿಯಾಗಿವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 64.5ರಿಂದ 115.5 ಮಿಮೀ ಭಾರಿ, 115.6ರಿಂದ 204.4 ಅತಿ ಭಾರಿ, ಅದರ ಮೇಲೆ ಅತ್ಯಂತ ಭಾರಿ. ತಪ್ಪಿರುವುದು ಸಾಲುಗಳ ಕ್ರಮದಲ್ಲಿ. ಇಫ್-ಎಲಿಫ್ ಸರಪಳಿಯನ್ನು ಕಂಪ್ಯೂಟರ್ ಮೇಲಿನಿಂದ ಓದುತ್ತಾ ಬರುತ್ತದೆ, ಮೊದಲು ನಿಜವಾದ ಕಂಡಿಷನ್‌ನ ಕೆಲಸ ಮುಗಿಸಿ ಉಳಿದದ್ದನ್ನು ನೋಡದೆ ಹೊರಗೆ ಹೋಗುತ್ತದೆ. 230 ಎಂಬುದು 64.5ಕ್ಕಿಂತ ದೊಡ್ಡದೇ ಆದ್ದರಿಂದ ಮೊದಲ ಬಾಗಿಲಲ್ಲೇ ಒಳಗೆ ಹೋಯಿತು. ಎರಡನೆಯ, ಮೂರನೆಯ ಕಂಡಿಷನ್‌ಗಳ ಕೆಲಸ ಯಾವ ಮಳೆಗೂ ಓಡುವುದೇ ಇಲ್ಲ, ಯಾಕೆಂದರೆ ಅಲ್ಲಿಗೆ ತಲುಪಬೇಕಾದ ಅಂಕಿಗಳನ್ನೆಲ್ಲ ಮೊದಲನೆಯದೇ ಹಿಡಿದಿಟ್ಟುಕೊಳ್ಳುತ್ತದೆ. ಎರರ್ ಕೂಡ ಬರುವುದಿಲ್ಲ. ಸಲ್ಲುವುದು ಕಷ್ಟವಾದ ಕಂಡಿಷನ್ ಮೇಲಿರಬೇಕು, ಸುಲಭವಾಗಿ ಸಲ್ಲುವುದು ಕೆಳಗೆ:

ಇಫ್ ಮಳೆ > 204.4:
    ವರ್ಗ = "ಅತ್ಯಂತ ಭಾರಿ"
ಎಲಿಫ್ ಮಳೆ > 115.5:
    ವರ್ಗ = "ಅತಿ ಭಾರಿ"
ಎಲಿಫ್ ಮಳೆ >= 64.5:
    ವರ್ಗ = "ಭಾರಿ"
ಎಲ್ಸ್:
    ವರ್ಗ = "ಭಾರಿ ಅಲ್ಲ"

ನಡುವೆ 115.6 ಹೋಗಿ 115.5 ಬಂದದ್ದನ್ನು ಗಮನಿಸಿ. ಕೆಲವರು ಇಲಾಖೆಯ ಪಟ್ಟಿಯನ್ನು ಇದ್ದಂತೆಯೇ ನಕಲು ಮಾಡಿ, ಒಂದು ಸಾಲಿನಲ್ಲಿ 64.5 <= ಮಳೆ <= 115.5 ಎಂದೂ ಮುಂದಿನದರಲ್ಲಿ 115.6 <= ಮಳೆ <= 204.4 ಎಂದೂ ಬರೆಯುತ್ತಾರೆ. ಪಟ್ಟಿ ಮಾಡಿದವರ ಅಳತೆ ಒಂದೇ ದಶಮಾಂಶ ಸ್ಥಾನದ್ದು, ಹಾಗಾಗಿ ಅವರಿಗೆ 115.5 ಮತ್ತು 115.6ರ ನಡುವೆ ಏನೂ ಇಲ್ಲ. ನಿಮ್ಮ ಪ್ರೋಗ್ರಾಂಗೆ ಇದೆ. ಮಲೆನಾಡಿನ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚಿನಲ್ಲೇ ಹೇಳುವವರಿದ್ದಾರೆ. 4.55 ಇಂಚನ್ನು 25.4ರಿಂದ ಗುಣಿಸಿದರೆ 115.57 ಮಿಮೀ. ಅದು ಭಾರಿಯೂ ಅಲ್ಲ, ಅತಿ ಭಾರಿಯೂ ಅಲ್ಲ, ನೇರ ಎಲ್ಸ್‌ಗೆ ಬಿದ್ದು ‘ಭಾರಿ ಅಲ್ಲ’ ಎಂದು ಹೊರಬರುತ್ತದೆ. ಎಲಿಫ್ ಸರಪಳಿಯಲ್ಲಿ ಒಂದೇ ಕಡೆಯ ಗಡಿ ಬರೆದರೆ ಇಂಥ ಸಂದು ಹುಟ್ಟುವುದಿಲ್ಲ, ಮೇಲಿನ ಗಡಿಯನ್ನು ಹಿಂದಿನ ಸಾಲು ಆಗಲೇ ನೋಡಿಕೊಂಡಿರುತ್ತದೆ.

ಗಡಿಯ ವಿಷಯದಲ್ಲಿ ನಮ್ಮ ಮಾತೂ ಸ್ವಲ್ಪ ಸಡಿಲ. ‘ಹತ್ತು ಕ್ವಿಂಟಾಲ್ ಮೇಲಿದ್ದರೆ’ ಎಂದಾಗ ಸರಿಯಾಗಿ ಹತ್ತು ಇದ್ದವನು ಸೇರಿದನೋ ಇಲ್ಲವೋ? ‘ಹತ್ತರ ಒಳಗೆ’ ಎಂದರೆ? ‘ಹತ್ತರವರೆಗೆ’ ಎಂದರೆ ಹತ್ತೂ ಸೇರಿತು, ಅದು ಖಚಿತ. ಉಳಿದವನ್ನು ಕೋಡ್‌ಗೆ ಇಳಿಸುವ ಮುಂಚೆ ಕೇಳಿ ಬಗೆಹರಿಸಿಕೊಳ್ಳಬೇಕು. > ಹಾಕಬೇಕೋ >= ಹಾಕಬೇಕೋ ಎಂಬುದನ್ನು ಅಂದಾಜಿನ ಮೇಲೆ ಬಿಟ್ಟರೆ ಕೈಕೊಡುವುದು ಸರಿಯಾಗಿ ಗಡಿಯ ಮೇಲೆ ಬಂದ ಲೆಕ್ಕದಲ್ಲೇ.

ಎಲಿಫ್ ಬದಲು ಎಲ್ಲ ಕಡೆ ಇಫ್ ಹಾಕುವುದೂ ಅಷ್ಟೇ ಸಾಮಾನ್ಯ. ಬೇರೆ ಬೇರೆ ಇಫ್‌ಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಪ್ರತಿಯೊಂದೂ ಹೊಸದಾಗಿ ಪರೀಕ್ಷೆಯಾಗುತ್ತದೆ. ಮೇಲಿನ ಸರಿಯಾದ ಕ್ರಮದಲ್ಲೇ ಮೂರು ಇಫ್ ಬರೆದು ನೋಡಿ: 230ಕ್ಕೆ ಮೊದಲು ವರ್ಗ ‘ಅತ್ಯಂತ ಭಾರಿ’ ಆಗುತ್ತದೆ, ಮುಂದಿನ ಸಾಲು ಅದರ ಮೇಲೆ ‘ಅತಿ ಭಾರಿ’ ಬರೆಯುತ್ತದೆ, ಅದರ ಮುಂದಿನದು ‘ಭಾರಿ’. ಕೊನೆಯಲ್ಲಿ ಉಳಿಯುವುದು ಮತ್ತೆ ‘ಭಾರಿ’. ಕೊನೆಯ ಎಲ್ಸ್ ಕೂಡ ಅದರ ಹತ್ತಿರದ ಒಂದು ಇಫ್‌ಗೆ ಮಾತ್ರ ಜೋಡಿ, ಮೂರಕ್ಕೂ ಅಲ್ಲ.

ಇನ್ನು ಆಂಡ್, ಆರ್. ನನ್ನ ಪ್ರಕಾರ ಕನ್ನಡದಲ್ಲಿ ಯೋಚಿಸುವವರು ಅತಿ ಹೆಚ್ಚು ಜಾರುವುದು ಇಲ್ಲಿ, ಸ್ವಲ್ಪ ನಿಂತೇ ಹೇಳುತ್ತೇನೆ. ಶಿವಮೊಗ್ಗ ಅಡಿಕೆ ಮಾರುಕಟ್ಟೆಯ ಬಗೆಗಳನ್ನೇ ತೆಗೆದುಕೊಳ್ಳಿ: ಸರಕು, ಬೆಟ್ಟೆ, ರಾಶಿ, ಗೊರಬಲು. ‘ಸರಕಿಗೂ ಬೆಟ್ಟೆಗೂ ಬೇರೆ ಕೊಠಡಿ’ ಎಂದು ಮಂಡಿಯಲ್ಲಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಆ ‘ಊ’ಕಾರ ಕೇಳಿಸಿಕೊಂಡ ಹೊಸಬರು ಹೀಗೆ ಬರೆಯುತ್ತಾರೆ:

ಇಫ್ ಬಗೆ == "ಸರಕು" ಆಂಡ್ ಬಗೆ == "ಬೆಟ್ಟೆ":

ಇದು ಎಂದೂ ನಿಜವಾಗದು. ಒಂದು ಚೀಲ ಒಂದೇ ಹೊತ್ತಿಗೆ ಸರಕೂ ಬೆಟ್ಟೆಯೂ ಆಗಿರಲಾರದು. ಮಾತಿನ ‘ಊ’ ಎಲ್ಲ ಚೀಲಗಳನ್ನೂ ಒಟ್ಟಿಗೆ ನೋಡಿ ಹೇಳಿದ್ದು, ಇಫ್ ನೋಡುವುದು ಒಂದು ಸಲಕ್ಕೆ ಒಂದು ಚೀಲ. ಹಾಗಾಗಿ ‘ಈ ಚೀಲ ಸರಕೋ ಬೆಟ್ಟೆಯೋ ಆಗಿದ್ದರೆ’ ಎಂದು ಒಂದೇ ಚೀಲದ ಮೇಲೆ ಕೈಯಿಟ್ಟು ಹೇಳಿಕೊಳ್ಳಿ. ‘ಓ’ ಬಂದರೆ ಆರ್.

ಆರ್ ಹಾಕಿದವರು ಮುಂದಿನ ಗುಂಡಿಗೆ ಬೀಳುತ್ತಾರೆ:

ಇಫ್ ಬಗೆ == "ಸರಕು" ಆರ್ "ಬೆಟ್ಟೆ":

ಇದು ಯಾವಾಗಲೂ ನಿಜ, ಗೊರಬಲು ಬಂದರೂ ನಿಜ. ಪೈಥಾನ್ ಇದನ್ನು ಎರಡು ತುಂಡಾಗಿ ಓದುತ್ತದೆ. ಎಡಕ್ಕೆ ‘ಬಗೆ ಸರಕೇ?’ ಎಂಬ ಪ್ರಶ್ನೆ, ಬಲಕ್ಕೆ ಬರೀ "ಬೆಟ್ಟೆ" ಎಂಬ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಖಾಲಿಯಲ್ಲದ ಸ್ಟ್ರಿಂಗ್ ಪೈಥಾನ್‌ಗೆ ನಿಜವೇ. ಎರಡೂ ಕಡೆ ಬಗೆ == ಎಂದು ಪೂರ್ತಿ ಬರೆಯಿರಿ, ಅಥವಾ ಬಗೆ ಇನ್ ["ಸರಕು", "ಬೆಟ್ಟೆ"] ಎನ್ನಿ. ಚೌಕ ಬ್ರಾಕೆಟ್ಟನ್ನೇ ಹೇಳುತ್ತಿರುವುದಕ್ಕೆ ಕಾರಣವಿದೆ: ದುಂಡು ಬ್ರಾಕೆಟ್ ಹಾಕಿ, ಆಮೇಲೆ ಒಂದು ಬಗೆ ತೆಗೆದು ("ಬೆಟ್ಟೆ") ಅಷ್ಟೇ ಉಳಿದರೆ, ಕಾಮಾ ಇಲ್ಲದ ಅದು ಪಟ್ಟಿಯಲ್ಲ, ಬರೀ ಸ್ಟ್ರಿಂಗ್. ಆಗ ಇನ್ ಎಂಬುದು ಆ ಪದದೊಳಗೆ ಈ ಅಕ್ಷರಗಳಿವೆಯೇ ಎಂದು ಹುಡುಕುತ್ತದೆ, ಏನೂ ಟೈಪ್ ಮಾಡದೆ ಎಂಟರ್ ಒತ್ತಿದವನ ಖಾಲಿ ಇನ್‌ಪುಟ್ಟೂ ಪಾಸಾಗಿಬಿಡುತ್ತದೆ.

‘ಅಲ್ಲ’ ಬಂದಾಗ ಎಲ್ಲ ತಿರುವುಮುರುವು. ‘ಸರಕು ಅಥವಾ ಬೆಟ್ಟೆ ಅಲ್ಲದಿದ್ದರೆ’ ಎಂಬುದನ್ನು ಬಗೆ != "ಸರಕು" ಆರ್ ಬಗೆ != "ಬೆಟ್ಟೆ" ಎಂದು ಬರೆದರೆ ಅದೂ ಯಾವಾಗಲೂ ನಿಜ, ಏಕೆಂದರೆ ಸರಕಾಗಿದ್ದರೆ ಬೆಟ್ಟೆ ಅಲ್ಲ, ಬೆಟ್ಟೆಯಾಗಿದ್ದರೆ ಸರಕು ಅಲ್ಲ. ಇಲ್ಲಿ ಬೇಕಾದದ್ದು ‘ಸರಕೂ ಅಲ್ಲ, ಬೆಟ್ಟೆಯೂ ಅಲ್ಲ’. ಈ ಸಲ ‘ಊ’ ನಂಬಿಕಸ್ಥ, ಆಂಡ್ ಹಾಕಿ.

ಆಂಡ್, ಆರ್ ಒಂದೇ ಸಾಲಿನಲ್ಲಿ ಬಂದರೆ ಬ್ರಾಕೆಟ್ ಹಾಕದೆ ಬಿಡಬೇಡಿ. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದನ್ನು ನೆನಪಿಸುವ ಪ್ರೋಗ್ರಾಂ ಎಂದುಕೊಳ್ಳಿ. ಮಳೆ ಬಿಟ್ಟಿರಬೇಕು, ಜೊತೆಗೆ ಹಿಂದಿನ ಔಷಧಿ ಹೊಡೆದು 40 ದಿನ ಆಗಿರಬೇಕು ಇಲ್ಲವೇ ಕೊಳೆ ಕಾಣಿಸಿರಬೇಕು:

ಇಫ್ ಮಳೆ_ಬಿಟ್ಟಿದೆ ಆಂಡ್ ದಿನ >= 40 ಆರ್ ಕೊಳೆ_ಕಂಡಿದೆ:

ಪೈಥಾನ್‌ನಲ್ಲಿ ಆಂಡ್ ಮೊದಲು ಅಂಟಿಕೊಳ್ಳುತ್ತದೆ. ಹಾಗಾಗಿ ಇದರ ಅರ್ಥ ‘ಮಳೆಯೂ ಬಿಟ್ಟಿದ್ದು ಔಷಧಿ ಹೊಡೆದು 40 ದಿನವೂ ಆಗಿದ್ದರೆ, ಇಲ್ಲವೇ ಕೊಳೆ ಕಂಡಿದ್ದರೆ’. ಕೊಳೆ ಕಂಡ ದಿನ ಜಡಿಮಳೆ ಸುರಿಯುತ್ತಿದ್ದರೂ ಕೊನೆಗಾರನನ್ನು ಮರ ಹತ್ತಿಸು ಎನ್ನುತ್ತದೆ. ಮಳೆ_ಬಿಟ್ಟಿದೆ ಆಂಡ್ (ದಿನ >= 40 ಆರ್ ಕೊಳೆ_ಕಂಡಿದೆ) ಎಂದು ಬರೆದರೆ ಮಳೆಯ ಷರತ್ತು ಎರಡಕ್ಕೂ ಅನ್ವಯಿಸುತ್ತದೆ.

ಇನ್‌ಪುಟ್ ಕಡೆಯಿಂದ ಬರುವ ತಪ್ಪುಗಳು ಬೇರೆ ಜಾತಿಯವು, ಕಂಡಿಷನ್ ಸರಿಯಿದ್ದೂ ಉತ್ತರ ತಪ್ಪು. ಇನ್‌ಪುಟ್() ಕೊಡುವುದು ಯಾವಾಗಲೂ ಸ್ಟ್ರಿಂಗ್. ಸ್ಟ್ರಿಂಗನ್ನು ಸಂಖ್ಯೆಯ ಜೊತೆ > ಹಾಕಿ ಹೋಲಿಸಿದರೆ ಪೈಥಾನ್ ಎರರ್ ಕೊಡುತ್ತದೆ, ಅದು ಒಳ್ಳೆಯದೇ. == ಹಾಕಿದರೆ ಮಾತ್ರ ಸುಮ್ಮನೆ ಸುಳ್ಳು ಎಂದು ಹೇಳಿ ಮುಂದೆ ಹೋಗುತ್ತದೆ. ಎರಡೂ ಕಡೆ ಸ್ಟ್ರಿಂಗ್ ಇದ್ದರೆ ಇನ್ನೂ ಕೆಟ್ಟದು: "9.5" > "115.5" ನಿಜ, ಯಾಕೆಂದರೆ ನಿಘಂಟಿನಂತೆ ಮೊದಲ ಅಕ್ಷರ ನೋಡಿ 9 ದೊಡ್ಡದು ಎನ್ನುತ್ತದೆ. ಫ್ಲೋಟ್(ಇನ್‌ಪುಟ್()) ಎಂದು ಬಂದ ಬಾಗಿಲಲ್ಲೇ ಸಂಖ್ಯೆ ಮಾಡಿಕೊಳ್ಳಿ.

‘ಮಳೆ ಬಂದಿಲ್ಲ’ ಮತ್ತು ‘ಮಳೆ ಬರೆದಿಟ್ಟಿಲ್ಲ’ ಒಂದೇ ಅಲ್ಲ. ಇಫ್ ನಾಟ್ ಮಳೆ: ಎಂದು ಬರೆದರೆ 0 ಕೂಡ, ನನ್ (None) ಎಂಬ ಖಾಲಿ ಗುರುತೂ ಒಂದೇ ಕಡೆ ಹೋಗುತ್ತವೆ. ಅಳತೆಯೇ ಇಲ್ಲದ್ದನ್ನು ಹಿಡಿಯಲು ಇಫ್ ಮಳೆ ಇಸ್ ನನ್: ಎನ್ನಬೇಕು. ಎಕ್ಸೆಲ್ ಹಾಳೆಯನ್ನು ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಯಿಂದ ಓದುವುದಾದರೆ ಅದೂ ಸಾಲದು. ಅಲ್ಲಿ ಖಾಲಿ ಕೋಶ ‘ನ್ಯಾನ್’ (NaN, ‘ಸಂಖ್ಯೆಯಲ್ಲ’) ಆಗುತ್ತದೆ. ನ್ಯಾನ್ ಅನ್ನು ಯಾವುದರ ಜೊತೆ >, <, == ಹಾಕಿ ಹೋಲಿಸಿದರೂ ಸುಳ್ಳು, ತನ್ನ ಜೊತೆಗೇ ಹೋಲಿಸಿದರೂ ಸುಳ್ಳು. ಪರಿಣಾಮವಾಗಿ ಹುಲಿಕಲ್‌ನಲ್ಲಿ ಜುಲೈ ತಿಂಗಳ ಒಂದು ದಿನದ ಲೆಕ್ಕ ಬಿಟ್ಟುಹೋಗಿದ್ದರೆ ಮೇಲಿನ ಮೂರೂ ಕಂಡಿಷನ್ ತಪ್ಪಿ ಎಲ್ಸ್‌ಗೆ ಹೋಗಿ ‘ಭಾರಿ ಅಲ್ಲ’ ಎಂದು ದಾಖಲಾಗುತ್ತದೆ. ಎಲ್ಸ್ ಎಂದರೆ ‘ಉಳಿದ ಒಳ್ಳೆಯದೆಲ್ಲ’ ಅಲ್ಲ, ‘ಉಳಿದ ಕಸವೂ ಸೇರಿ ಎಲ್ಲ’. –3 ಮಿಮೀ ಕೂಡ ಅಲ್ಲಿಗೇ. ಆದ್ದರಿಂದ ಅಳತೆ ಇಲ್ಲ, ಅಳತೆ ಸೊನ್ನೆಗಿಂತ ಕಡಿಮೆ, ಈ ಎರಡನ್ನು ಸರಪಳಿಯ ತಲೆಯಲ್ಲೇ ಬೇರ್ಪಡಿಸಿ. ಪಾಂಡಾಸ್‌ನಲ್ಲಿ ಅಳತೆ ಇಲ್ಲದ್ದನ್ನು ಹಿಡಿಯಲೆಂದೇ ಇಸ್ನಾ() (isna) ಇದೆ.

ಕನ್ನಡ ಪದಗಳನ್ನು == ಹಾಕಿ ಹೋಲಿಸುವಾಗ ಕಣ್ಣನ್ನು ನಂಬುವಂತಿಲ್ಲ. ‘ಗೊರಬಲು’ವಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಊ ಎಂಬ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಉದ್ದ ಎಣಿಸುವ ಲೆನ್() ಕೇಳಿದರೆ ಮೊದಲನೆಯದು 6, ಎರಡನೆಯದು 7, ಸಹಜವಾಗಿ == ಸುಳ್ಳು. ಬೇರೆ ಕಡೆಯಿಂದ ಪರಿವರ್ತಿಸಿ ತಂದ ಪಠ್ಯದಲ್ಲಿ ಹೀಗಿರಬಹುದು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿರುವ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ (NFC) ಎಂದು ಕೊಟ್ಟು ಎರಡೂ ಕಡೆಯ ಸ್ಟ್ರಿಂಗನ್ನು ಒಂದೇ ರೂಪಕ್ಕೆ ತನ್ನಿ. ಅದಕ್ಕೂ ಮುಂಚೆ ಸ್ಟ್ರಿಪ್() ಹಾಕಿ, ಹಿಂದೆ ಮುಂದೆ ಸೇರಿಕೊಂಡ ಸ್ಪೇಸ್‌ನ ಕಾಟವೇ ಇದಕ್ಕಿಂತ ಹೆಚ್ಚು.

ದಶಮಾಂಶಗಳನ್ನು == ಹಾಕಿ ನೋಡಬೇಡಿ, 0.1 + 0.2 == 0.3 ಪೈಥಾನ್‌ನಲ್ಲಿ ಸುಳ್ಳು. ತೂಕವನ್ನು ಕ್ವಿಂಟಾಲ್ ಬದಲು ಕಿಲೋದಲ್ಲೋ ಗ್ರಾಂನಲ್ಲೋ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ.

ಡಿಪ್ಲೊಮಾ, ಬಿಸಿಎಯಲ್ಲಿ ಸಿ ಕೂಡ ಇರುವವರಿಗೆ ಬೇಗಬೇಗ ಮೂರು ಮಾತು. ಇಫ್ ಒಳಗೆ == ಬದಲು ಒಂದೇ = ಹಾಕಿದರೆ ಪೈಥಾನ್ ಓಡಲು ಒಪ್ಪುವುದಿಲ್ಲ, ಸಿ ಒಪ್ಪುತ್ತದೆ: ವೇರಿಯಬಲ್‌ನಲ್ಲಿರುವ ಮೌಲ್ಯವನ್ನೇ ಬದಲಿಸಿ, ಬಂದದ್ದು ಸೊನ್ನೆಯಲ್ಲದಿದ್ದರೆ ನಿಜ ಎನ್ನುತ್ತದೆ. ಇಫ್‌ನ ಬ್ರಾಕೆಟ್ ಮುಚ್ಚಿದ ಕೂಡಲೇ ಸೆಮಿಕೋಲನ್ ಬಿದ್ದರೆ ಇಫ್ ಅಲ್ಲಿಗೇ ಮುಗಿಯಿತು, ಕೆಳಗಿನ ಸಾಲು ಯಾವಾಗಲೂ ಓಡುತ್ತದೆ. 64.5 <= ಮಳೆ <= 115.5 ಎಂಬುದು ಪೈಥಾನ್‌ನಲ್ಲಿ ಸರಿ. ಸಿಯಲ್ಲಿ ಎಡಗಡೆಯದು 0 ಅಥವಾ 1 ಆಗಿ, ಅದು 115.5ಕ್ಕಿಂತ ಕಡಿಮೆಯೇ ಆದ್ದರಿಂದ ಎಂದೆಂದೂ ನಿಜ. ಸಿ ಕಂಪೈಲರ್ ಆದ ಜಿಸಿಸಿಯನ್ನು -ಡಬ್ಲ್ಯೂಆಲ್ (-Wall) ಆಯ್ಕೆಯೊಂದಿಗೆ ಓಡಿಸಿದರೆ ಇಂಥವನ್ನು ಬಹುಪಾಲು ಅದೇ ಎಚ್ಚರಿಸುತ್ತದೆ.

ತಿದ್ದಿದ ಮೇಲೆ 230 ಒಂದನ್ನೇ ಕೊಟ್ಟು ಸರಿಯಾಯಿತು ಎಂದುಕೊಳ್ಳಬೇಡಿ. ಪ್ರತಿ ಗಡಿಗೂ ಕೆಳಗಿನದು, ಗಡಿಯದು, ಮೇಲಿನದು ಕೊಡಿ: 64.4, 64.5, 64.6, 115.4, 115.5, 115.6, 204.3, 204.4, 204.5. ಉತ್ತರ ಏನು ಬರಬೇಕೆಂದು ಮೊದಲೇ ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಓಡಿಸಿ ಹೋಲಿಸಿ. ತೆರೆ ನೋಡಿದ ಮೇಲೆ ಬರೆದರೆ ಬಂದದ್ದೇ ಸರಿ ಎನಿಸಿಬಿಡುತ್ತದೆ. ಜೊತೆಗೆ 0, –3, ಖಾಲಿ ಎಂಟರ್. ಇಂಚಿನ ಲೆಕ್ಕವನ್ನೂ ಸೇರಿಸುವುದಾದರೆ 4.55 ಕೊಟ್ಟು ನೋಡಿ, 115.57 ಆಗಿ ‘ಅತಿ ಭಾರಿ’ಗೆ ಬೀಳಬೇಕು.